ಕಾಕಾನ ಎಡಗಿವಿ

ಹೋದ ದೀಪಾವಳಿಗೆ ಮೊಮ್ಮಗ ನಮ್ಮ ಕಾಕಾಗೆ ಇಯರ್‌ಬಡ್ ತಂದುಕೊಟ್ಟ. ಬಲಗಿವಿಯಲ್ಲಿ ಚೆನ್ನಾಗಿ ಕೂತಿತು. ಎಡಗಿವಿಯಲ್ಲಿ ನಿಲ್ಲಲೇ ಇಲ್ಲ. ನಿಲ್ಲೋಕೆ ಅಲ್ಲಿ ಜಾಗವೇ ಇಲ್ಲ. ಆ ಕಿವಿ ಮುರುಟಿಕೊಂಡು, ಅಲ್ಲಲ್ಲಿ ಉಬ್ಬಿ, ಒಣ ಅಂಜೂರದ ಹಾಗಿದೆ. ಕಾಕಾ ಜಮಖಂಡಿ ಕಡೆಯವರು. ಐವತ್ತು ವರ್ಷದ ಹಿಂದೆ ಪುಣೆಗೆ ಬಂದು, ಹಗಲು ಮೂಟೆ ಹೊತ್ತರು. ಬೆಳಗಿನ ಜಾವ ಪೇಟೆಯ ಒಂದು ತಾಲೀಮಿನಲ್ಲಿ ಸಾಮು ಮಾಡಿದರು. ಊರಲ್ಲಿ ಗರಡಿ, ಇಲ್ಲಿ ತಾಲೀಮು, ಅಷ್ಟೇ ವ್ಯತ್ಯಾಸ.

ಪೈಲ್ವಾನರ ಕಿವಿ ಯಾಕೆ ಹೀಗಾಗುತ್ತದೆ? ಹೊರಕಿವಿಯಲ್ಲಿ ಎಲುಬಿಲ್ಲ. ಬಾಗುವ, ಮೆತ್ತನೆಯ ಮೃದ್ವಸ್ಥಿ ಇದೆ. ಅದರೊಳಗೆ ರಕ್ತನಾಳಗಳಿಲ್ಲ. ಮೇಲೆ ಹೊದ್ದ ತೆಳು ಪೊರೆಯೇ ಅದಕ್ಕೆ ಊಟ ಹಾಕಬೇಕು. ಕುಸ್ತಿಯಲ್ಲಿ ತಲೆಗೆ ತಲೆ ಕೊಟ್ಟು ನೂಕುವಾಗ ಕಿವಿ ಉಜ್ಜುತ್ತದೆ, ಮಡಚುತ್ತದೆ. ಪೊರೆ ಕಿತ್ತು ಬಂದು, ನಡುವೆ ರಕ್ತ ತುಂಬುತ್ತದೆ. ಊಟ ನಿಂತ ಮೃದ್ವಸ್ಥಿ ಅಲ್ಲಲ್ಲಿ ಸಾಯುತ್ತದೆ. ಆ ಜಾಗದಲ್ಲಿ ಹೊಸದು ಅಡ್ಡಾದಿಡ್ಡಿಯಾಗಿ ಬೆಳೆದು ಗಟ್ಟಿಯಾಗುತ್ತದೆ. ಮೊದಲ ಕೆಲವು ದಿನಗಳಲ್ಲೇ ಡಾಕ್ಟರ ಹತ್ತಿರ ಹೋಗಿ ರಕ್ತ ತೆಗೆಸಿ, ಒತ್ತಿ ಪಟ್ಟಿ ಕಟ್ಟಿಸಿದರೆ ಕಿವಿ ಉಳಿಯುತ್ತದೆ. ಕಾಕಾನ ಕಾಲದಲ್ಲಿ ಯಾರು ಹೋಗುತ್ತಿದ್ದರು!

ಒಂದು ಏಟಿಗೂ ಕಿವಿ ಹೀಗಾಗಬಹುದು. ಆದರೆ ಪೈಲ್ವಾನರಲ್ಲಿ ಇದು ಸಾಮಾನ್ಯವಾಗಿ ದಿನದಿನದ ಉಜ್ಜಾಟದ ಫಲ. ಹಾಗಾಗಿ ಕಾಕಾನ ಕಿವಿ ನೋಡಿದಾಗ ನನಗೆ ಅವರು ಗೆದ್ದ ಕುಸ್ತಿಗಳು ನೆನಪಾಗುವುದಿಲ್ಲ. ಅವರ ಜೊತೆ ಸಾವಿರಾರು ಬೆಳಗು ಕುಸ್ತಿ ಹಿಡಿದೂ ಕೈಕಾಲು ಗಟ್ಟಿಯಾಗಿ ಮನೆಗೆ ಹೋದ ಜೋಡಿಗಳು ನೆನಪಾಗುತ್ತಾರೆ. ಕಾಳಗದ ಕಲೆಗಳ ಇತಿಹಾಸದ ಗುಟ್ಟು ಇಲ್ಲೇ ಇದೆ ಅಂತ ನನ್ನ ಲೆಕ್ಕ. ಹೊಡೆಯೋದು ಯಾರಿಗೂ ಬರುತ್ತದೆ. ಕಷ್ಟ ಇರೋದು ಕಲಿಯೋದರಲ್ಲಿ. ಕಲಿಯೋಕೆ ಜೋಡಿ ಬೇಕು. ಇವತ್ತೇ ಅವನ ಕೈ ಮುರಿದರೆ ನಾಳೆ ಯಾರ ಜೊತೆ ಆಡ್ತೀರಿ?

ಈ ತಲೆನೋವು ಹಳೆಯದು. ಈಜಿಪ್ಟಿನ ಬೆನಿ ಹಸನ್ ಗೋರಿಗಳ ಗೋಡೆಗಳ ಮೇಲೆ ಸುಮಾರು 4000 ವರ್ಷ ಹಿಂದಿನ ಕುಸ್ತಿ ಜೋಡಿಗಳ ಚಿತ್ರಗಳಿವೆ, ನೂರಾರು. ಪಟ್ಟಿನ ಮೇಲೆ ಪಟ್ಟು. ಒಬ್ಬನ ಮೈಗೆ ಗಾಢ ಬಣ್ಣ, ಇನ್ನೊಬ್ಬನಿಗೆ ತಿಳಿ ಬಣ್ಣ. ಯಾವ ಕೈ ಯಾರದ್ದು ಅಂತ ಥಟ್ಟನೆ ಗೊತ್ತಾಗುತ್ತದೆ.

ನಮ್ಮ ಕಡೆಯವರು ಕಂಡುಕೊಂಡ ಮೊದಲ ಉಪಾಯ ಮಣ್ಣು. ತಾಲೀಮಿನ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆ, ಅರಿಶಿನ ಬೆರೆಸುತ್ತಾರೆ. ದಿನಾ ಗುದ್ದಲಿ ಹಿಡಿದು ಅಗೆದು ಸಡಿಲ ಮಾಡುತ್ತಾರೆ. ಅಗೆಯೋದೂ ಸಾಮೇ. ಇದರ ಲೆಕ್ಕ ಸುಲಭ. ಒಂದು ಮೀಟರ್ ಎತ್ತರದಿಂದ ಬಿದ್ದ ಮೈ ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗ 1 ಸೆಂ.ಮೀ.ನಲ್ಲಿ ನಿಂತರೆ ಮೈಮೇಲೆ ಬೀಳುವ ಬಲ ಮೈತೂಕದ ಸುಮಾರು 100 ಪಟ್ಟು. ಮಣ್ಣು ಕುಸಿದು 5 ಸೆಂ.ಮೀ. ದಾರಿ ಕೊಟ್ಟರೆ ಸುಮಾರು 20 ಪಟ್ಟು. ಬೆನ್ನು ಅಗಲವಾಗಿ ಬಿದ್ದರೆ ಆ ಬಲವೂ ಹಂಚಿಹೋಗುತ್ತದೆ. ಅದಕ್ಕೇ ಹೊಸಬನಿಗೆ ಕೆಡವುವ ಮುಂಚೆ ಬೀಳೋದು ಕಲಿಸೋದು. ಅರಿಶಿನ ಗಾಯ ಕೀವಾಗದಿರಲಿ ಅಂತ ಹಾಕೋದಂತೆ. ಆದರೂ ಗಜಕರ್ಣ ಮಾತ್ರ ಪೈಲ್ವಾನರ ಬೆನ್ನು ಬಿಟ್ಟಿಲ್ಲ, ಇವತ್ತಿಗೂ!

ಎರಡನೆಯ ಉಪಾಯ ನನಗೆ ಇನ್ನೂ ಇಷ್ಟ: ದಣಿಯದ, ನೋಯದ ಜೋಡಿ. ಮಲ್ಲಕಂಬ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಸಾಮು, ದರ್ಜೆ ಎಲ್ಲ ಬರುತ್ತದೆ. ಕಂಬದ ಸಾಮಿನ ಹಳೆಯ ಸುಳಿವೂ ಅಲ್ಲೇ. ಆಮೇಲೆ ಮೂಲೆಗೆ ಬಿದ್ದಿದ್ದ ಈ ವಿದ್ಯೆಯನ್ನು ಪುಣೆಯಲ್ಲಿ ಮತ್ತೆ ಎಬ್ಬಿಸಿದವರು ಪೇಶ್ವೆ ಎರಡನೇ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ ದಾದಾ ದೇವಧರ್, 19ನೇ ಶತಮಾನದ ಶುರುವಿನಲ್ಲಿ. ಬೀಟೆ ಅಥವಾ ಸಾಗವಾನಿಯ ನುಣುಪು ಕಂಬ. ಬುಡ ದಪ್ಪ, ಮೇಲೆ ಸಣ್ಣ ಕುತ್ತಿಗೆ, ತುದಿಯಲ್ಲಿ ಗುಂಡು. ಮನುಷ್ಯನ ಹಾಗೇ, ಅಲ್ವಾ? ಅದಕ್ಕೆ ಔಡಲೆಣ್ಣೆ ಸವರುತ್ತಾರೆ. ಎಣ್ಣೆ ಇಲ್ಲದಿದ್ದರೆ ತೊಡೆಯ ಚರ್ಮ ಸುಲಿಯುತ್ತದೆ, ಜಾಸ್ತಿಯಾದರೆ ಸರ್ರನೆ ಕೆಳಗೆ. ಬೆವರಿದ ಎದುರಾಳಿಯನ್ನು ಹಿಡಿಯುವುದೂ ಹೀಗೇ ಇರುತ್ತದೆ. ಲಕ್ಷ್ಮೇಶ್ವರದ ಮಕ್ಕಳು ಈ ಕಂಬದ ಮೇಲೆ ಮಾಡುವ ಕಸರತ್ತು ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ.

ಮೂರನೆಯದು ನಿಯಮ. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಮೈಸೂರು ದಸರಾದ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಯಲ್ಲಿ ಮೊನೆಯ ಆಯುಧ ಹಿಡಿದು ಇಳಿಯುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಗುರಾಣಿ ಹಿಡಿದು ಆಡುವ ಮರಾಠರ ಫರಿ-ಗದಗಾದಲ್ಲಿ ಕತ್ತಿಯ ಬದಲು ಚರ್ಮ ಸುತ್ತಿದ ಕೋಲು.

ಜಪಾನಿನ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೋ ಶುರು ಮಾಡಿದಾಗ ಇದನ್ನೇ ಬೇಕೆಂದೇ ಮಾಡಿದರು. ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಉಳಿದದ್ದನ್ನು ಪೂರ್ತಿ ಬಲ ಹಾಕಿ ಆಡಿ ಅಂದರು. ಮೇಲ್ನೋಟಕ್ಕೆ ಕಲೆ ಮೊಂಡಾಯಿತು ಅನ್ನಿಸಬಹುದು. ಆದದ್ದು ತಿರುಗಾಮುರುಗಾ. ಕಣ್ಣು ಕೀಳುವ ಪಟ್ಟನ್ನು ಕಲಿತವನು ಅದನ್ನು ನಿಜಕ್ಕೂ ಒಮ್ಮೆಯೂ ಮಾಡಿರುವುದಿಲ್ಲ. ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿ ಒಗೆಯುವ ಧೋಬಿ ಪಛಾಡ್ ಪಟ್ಟು ಹಾಕುವವನು, ತಪ್ಪಿಸಿಕೊಳ್ಳಲು ಒದ್ದಾಡುವವನ ಮೇಲೆ ಸಾವಿರ ಸಲ ಹಾಕಿರುತ್ತಾನೆ. ಎದುರಾಳಿಯ ಹೊಕ್ಕುಳಿಗಿಂತ ಕೆಳಗೆ ತನ್ನ ಸೊಂಟ ತೂರಿಸುವುದು ಅವನಿಗೆ ಯೋಚನೆಯಿಲ್ಲದೆ ಬರುತ್ತದೆ. ಯೋಚಿಸೋಕೆ ಹೊತ್ತೂ ಇರುವುದಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಮೈ ಕದಲಲು ಸುಮಾರು 0.2 ಸೆಕೆಂಡ್ ಬೇಕು. ಸ್ಪರ್ಶಕ್ಕೆ ಅದಕ್ಕಿಂತ ಬೇಗ. ಹಳೇ ಪೈಲ್ವಾನರು ಎದುರಾಳಿಯ ಮುಖ ನೋಡದೆ ಕುತ್ತಿಗೆಯ ಮೇಲೆ ಕೈ ಇಟ್ಟು ಸುಮ್ನೆ ಕಾಯುವುದು ಇದಕ್ಕೇ ಇರಬೇಕು.

ಮಣ್ಣಿನ ಅಭ್ಯಾಸಕ್ಕೂ ಮಿತಿ ಇದೆ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಅವರಿಗೆ ಹೊಸದು, ಆರನೆಯವರಾದರು. 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಮಣ್ಣಲ್ಲಿ ಕಾಲು ಹೂಳುತ್ತದೆ, ಮ್ಯಾಟ್‌ನಲ್ಲಿ ಕಚ್ಚಿ ನಿಲ್ಲುತ್ತದೆ. ಹಾಗಾಗಿ ಆಟದ ವೇಗವೇ ಬೇರೆ.

ಕಾಕಾನ ಮೊಮ್ಮಗ ಈಗ ಮ್ಯಾಟ್ ಮೇಲೇ ಕಲಿಯುತ್ತಿದ್ದಾನೆ. ಕಿವಿ ಮುಚ್ಚುವ ಗಾರ್ಡ್ ಹಾಕಿಕೊಂಡು. ಮೊನ್ನೆ ಭಾನುವಾರ ಅಭ್ಯಾಸ ಮುಗಿಸಿ ಬಂದ ಹುಡುಗನ ಎರಡೂ ಕಿವಿ ಕಾಕಾ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಎರಡೂ ನೆಟ್ಟಗಿದ್ದವು.

"ಛಲೋ ಆತು ಬಿಡು," ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಆದ್ರ ತಮ್ಮಾ, ಬಸ್‌ನ್ಯಾಗ ನಿನಗ ಯಾರೂ ಪೈಲ್ವಾನ ಅಂತ ಸೀಟು ಬಿಟ್ಟು ಕೊಡಂಗಿಲ್ಲ ನೋಡು."