ಚರ್ಚಿನ ಸಭಾಂಗಣಕ್ಕೆ ಸರ್ಕಾರದ ದಿನಸಿ ಬಂದ ದಾರಿ

ಅಮೆರಿಕದ ನಗರಗಳಲ್ಲಿ ಬಡವರಿಗೆ ದಿನಸಿ ಹಂಚುವ ಜಾಗವನ್ನು ಹುಡುಕುತ್ತಾ ಹೋದವರು ಬಹಳ ಸಲ ತಲುಪುವುದು ಯಾವುದೋ ಚರ್ಚಿನ ಹಿಂಬಾಗಿಲಿಗೆ. ಕಟ್ಟಡ ಚರ್ಚಿನದು. ಪೆಟ್ಟಿಗೆ ಹೊರುವವರಲ್ಲಿ ಚರ್ಚಿನ ಸದಸ್ಯರಿರುತ್ತಾರೆ, ಎಂದೂ ಆರಾಧನೆಗೆ ಬಾರದ ನೆರೆಹೊರೆಯವರೂ ಇರುತ್ತಾರೆ. ದಿನಸಿಯನ್ನು ಕಳುಹಿಸಿದ್ದು ಆಹಾರ ಬ್ಯಾಂಕ್ ಎಂಬ ಸ್ವಯಂಸೇವಾ ಸಂಸ್ಥೆ. ಅದರಲ್ಲಿ ಒಂದು ಪಾಲು ಸರ್ಕಾರ ಖರೀದಿಸಿ ಕೊಟ್ಟದ್ದು. ಹೀಗೆ ಮೂವರು ಕೈಜೋಡಿಸಿದ ಮೇಲೆ ಪ್ರಶ್ನೆಗಳು ಏಳದೆ ಇರುವುದಿಲ್ಲ. ಸರ್ಕಾರದ ನೆರವು ಪಡೆದ ಚರ್ಚ್ ಬಂದವರನ್ನು ಪ್ರಾರ್ಥನೆಗೆ ಕರೆಯಬಹುದೇ? ಕೆಲಸಕ್ಕೆ ತನ್ನ ಮತದವರನ್ನೇ ಸೇರಿಸಿಕೊಳ್ಳಬಹುದೇ? ಅಲ್ಲಿಗೆ ಹೋಗಲು ಮನಸ್ಸಿಲ್ಲದವರು ಎಲ್ಲಿಗೆ ಹೋಗಬೇಕು? ಈ ವಾದಗಳು ನ್ಯಾಯಾಲಯ, ಸರ್ಕಾರಿ ಆದೇಶ, ಚುನಾವಣೆ ಎಲ್ಲವನ್ನೂ ಸುತ್ತಿಕೊಂಡು ಗೋಜಲಾಗಿವೆ. ಎಳೆ ಸಿಗಬೇಕಾದರೆ ಹಿಂದಕ್ಕೆ ಹೋಗಬೇಕು.

ಹಂಚಿಕೆಯಲ್ಲಿ ತಾರತಮ್ಯವಾಗುತ್ತಿದೆ ಎಂಬ ದೂರು ಚರ್ಚಿನಷ್ಟೇ ಹಳೆಯದು. ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ಭಾಗದ 6ನೇ ಅಧ್ಯಾಯದಲ್ಲಿಯೇ, ಗ್ರೀಕ್ ಮಾತನಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಕೇಳಿಸುತ್ತದೆ. ಅದನ್ನು ಸರಿಪಡಿಸಲು ಏಳು ಮಂದಿಯನ್ನು ಆರಿಸಲಾಗುತ್ತದೆ. ಬೋಧಿಸುವವರು ಬೇರೆ, ಬಡಿಸುವವರು ಬೇರೆ ಎಂಬ ವಿಂಗಡಣೆ ಅಲ್ಲೇ ಕಾಣಿಸಿಕೊಂಡಿದೆ. ನಾಲ್ಕನೇ ಶತಮಾನದಲ್ಲಿ ಸಿಸೇರಿಯಾದ ಬಿಷಪ್ ಬೆಸಿಲ್ ರೋಗಿಗಳಿಗೂ ನಿರ್ಗತಿಕರಿಗೂ ಆಶ್ರಯ ಕಟ್ಟಿಸಿದರು. ಇಂಗ್ಲೆಂಡಿನಲ್ಲಿ 1601ರ ಕಾಯ್ದೆ ಬಡವರ ಪಾಲನೆಯನ್ನು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು-ಕೇರಿಯ, ಹೊಣೆಯಾಗಿಸಿ, ಅದಕ್ಕೆ ತೆರಿಗೆ ವಸೂಲಿ ಮಾಡುವ ಅಧಿಕಾರವನ್ನೂ ಕೊಟ್ಟಿತು. ಕೈಗಾರಿಕಾ ನಗರಗಳು ಬೆಳೆದಾಗ ಪ್ಯಾರಿಷ್‌ಗೆ ಆ ಭಾರ ಹೊರಲಾಗಲಿಲ್ಲ. ಲಂಡನ್ನಿನಲ್ಲಿ 1844ರಲ್ಲಿ ವೈಎಂಸಿಎ, 1865ರಲ್ಲಿ ಮುಂದೆ ಸಾಲ್ವೇಶನ್ ಆರ್ಮಿಯಾದ ಸೇವಾಕಾರ್ಯ, ಜರ್ಮನಿಯಲ್ಲಿ 1897ರಲ್ಲಿ ಕ್ಯಾಥೊಲಿಕರ ಸೇವಾ ಸಂಸ್ಥೆ ಕಾರಿತಾಸ್ ಹುಟ್ಟಿದವು. ಚರ್ಚಿನ ಒಡಲಿನಿಂದ ಬಂದರೂ ತಮ್ಮದೇ ಆಡಳಿತ, ತಮ್ಮದೇ ಲೆಕ್ಕ ಇಟ್ಟುಕೊಂಡ ಸಂಸ್ಥೆಗಳಿವು. ಜರ್ಮನಿಯಲ್ಲಿ ಇಂದಿಗೂ ಕಾರಿತಾಸ್ ಮತ್ತು ಪ್ರಾಟೆಸ್ಟಂಟರ ಸೇವಾ ಸಂಸ್ಥೆ ಡಿಯಾಕೊನಿ ಬಹುಪಾಲು ಸಾರ್ವಜನಿಕ ಹಣದಿಂದಲೇ ಆಸ್ಪತ್ರೆಗಳನ್ನೂ ಶಿಶುವಿಹಾರಗಳನ್ನೂ ನಡೆಸುತ್ತಿವೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಆದ ಮೊದಲ ತಿದ್ದುಪಡಿ ಸರ್ಕಾರವು ಯಾವ ಮತವನ್ನೂ ಅಧಿಕೃತವಾಗಿ ಸ್ಥಾಪಿಸದಂತೆ ತಡೆದಿದೆ. ಹಾಗಾಗಿ ಅಲ್ಲಿ ಒಂದು ರೂಢಿ ಬೆಳೆಯಿತು. ಚರ್ಚ್ ನೇರವಾಗಿ ಸರ್ಕಾರದ ಹಣಕ್ಕೆ ಕೈಯೊಡ್ಡದೆ, ಪ್ರತ್ಯೇಕವಾಗಿ ನೋಂದಾಯಿಸಿದ ಸೇವಾ ಸಂಸ್ಥೆಯ ಮೂಲಕ ಪಡೆಯುತ್ತಿತ್ತು. ಕ್ಯಾಥೊಲಿಕ್ ಚಾರಿಟೀಸ್, ಲುಥರನ್ ಸೇವಾ ಸಂಸ್ಥೆಗಳು ದಶಕಗಳ ಕಾಲ ನಡೆದದ್ದು ಹೀಗೆಯೇ. ಕಾಣಿಕೆ ಡಬ್ಬಿಯ ಹಣ ಒಂದು ಕಡೆ, ಅನುದಾನದ ಹಣ ಇನ್ನೊಂದು ಕಡೆ. ಈ ಗೋಡೆ ಎರಡೂ ಕಡೆಯವರನ್ನು ಕಾಪಾಡುತ್ತಿತ್ತು.

ಈ ಕಥೆಯಲ್ಲಿ ನಿಂತು ನೋಡಬೇಕಾದ ವರ್ಷ 1967. ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬವರು ಸೇಂಟ್ ವಿನ್ಸೆಂಟ್ ಡಿ ಪಾಲ್ ಎಂಬ ಕ್ಯಾಥೊಲಿಕ್ ಸೇವಾ ಸಂಘದ ಊಟದ ಮನೆಯಲ್ಲಿ ಸ್ವಯಂಸೇವಕರಾಗಿದ್ದರು. ತೋಟಗಳಲ್ಲಿ ಮಿಕ್ಕ ಕಿತ್ತಳೆ ಜಾತಿಯ ಹಣ್ಣುಗಳನ್ನು ಕೊಯ್ದು ತಂದು ಅಡುಗೆಮನೆಗೆ ಕೊಡುತ್ತಿದ್ದರು. ಹತ್ತು ಮಕ್ಕಳ ತಾಯಿಯೊಬ್ಬಳು, ಅಂಗಡಿಗಳ ಹಿಂದಿನ ಕಸದ ತೊಟ್ಟಿಯಲ್ಲಿ ಒಳ್ಳೆಯ ಆಹಾರವೇ ಸಿಗುತ್ತದೆ, ತಾನು ಮಕ್ಕಳನ್ನು ಸಾಕುತ್ತಿರುವುದು ಅದರಿಂದಲೇ ಎಂದು ಅವರಿಗೆ ಹೇಳಿದಳು. ಹಣವನ್ನು ಬ್ಯಾಂಕಿನಲ್ಲಿ ಇಟ್ಟು ಬೇಕಾದಾಗ ತೆಗೆಯುವಂತೆ ಆಹಾರಕ್ಕೂ ಒಂದು ಜಾಗವಿದ್ದರೆ ಒಳ್ಳೆಯದಿತ್ತು ಎಂದಳು. ವ್ಯಾನ್ ಹೆಂಗಲ್ ಸೇಂಟ್ ಮೇರಿ ಚರ್ಚಿನ ಬಳಿ ಹೋದರು. ಚರ್ಚ್ ಕೊಟ್ಟದ್ದು ಪಾಳುಬಿದ್ದ ಹಳೆಯ ಬೇಕರಿ ಕಟ್ಟಡ ಮತ್ತು 3,000 ಡಾಲರ್. ಮೊದಲ ವರ್ಷವೇ ಅಲ್ಲಿಂದ ಸುಮಾರು 125 ಟನ್ ಆಹಾರ ಹಂಚಿಕೆಯಾಯಿತು.

ಆ ತಾಯಿಯ ಮಾತಿನಲ್ಲಿದ್ದ ಸೂಕ್ಷ್ಮ ನನ್ನನ್ನು ಮತ್ತೆ ಮತ್ತೆ ತಟ್ಟುತ್ತದೆ. ಬ್ಯಾಂಕಿನಲ್ಲಿ ಹಣ ತೆಗೆಯುವವನನ್ನು ನಿನ್ನ ದೇವರು ಯಾರೆಂದು ಯಾರೂ ಕೇಳುವುದಿಲ್ಲ. ವ್ಯಾನ್ ಹೆಂಗಲ್ ಕಟ್ಟಿದ ವ್ಯವಸ್ಥೆಯಲ್ಲಿ ಉಗ್ರಾಣ ಒಂದು ಸಂಸ್ಥೆಯದಾಯಿತು, ಅಲ್ಲಿಂದ ಒಯ್ದು ಹಂಚುವವರು ಹಲವರಾದರು. 1976ರ ತೆರಿಗೆ ಕಾನೂನು, ಹೀಗೆ ಸರಕು ದಾನ ಮಾಡುವ ಕಂಪನಿಗಳಿಗೆ ವಿನಾಯಿತಿ ಹೆಚ್ಚಿಸಿತು. 1979ರಲ್ಲಿ ಹುಟ್ಟಿದ 'ಸೆಕೆಂಡ್ ಹಾರ್ವೆಸ್ಟ್' ಜಾಲ 2008ರಲ್ಲಿ 'ಫೀಡಿಂಗ್ ಅಮೆರಿಕ' ಎಂಬ ಹೆಸರು ಪಡೆಯಿತು. ಈಗ ಅದರಲ್ಲಿ ಸುಮಾರು 200 ಆಹಾರ ಬ್ಯಾಂಕುಗಳಿದ್ದು, ಅವುಗಳಿಂದ ಒಯ್ದು ಹಂಚುವವರಲ್ಲಿ ಚರ್ಚುಗಳ ಪಾಲು ದೊಡ್ಡದು.

ಸರ್ಕಾರ ಈ ಅಂಗಳಕ್ಕೆ ಬಂದದ್ದು ಚೀಸ್ ಮೂಲಕ. ಹಾಲಿನ ಬೆಲೆ ಕುಸಿಯದಂತೆ ಕೊಂಡಿಟ್ಟ ಚೀಸ್ ಉಗ್ರಾಣಗಳಲ್ಲಿ ಬೂಸ್ಟು ಹಿಡಿಯತೊಡಗಿದಾಗ, 1981ರ ಡಿಸೆಂಬರಿನಲ್ಲಿ 3 ಕೋಟಿ ಪೌಂಡ್ ಚೀಸನ್ನು ಬಡವರಿಗೆ ಹಂಚಲು ಬಿಡುಗಡೆ ಮಾಡಲಾಯಿತು. ಊರೂರಿಗೆ ಹಂಚಲು ಸರ್ಕಾರದ ಬಳಿ ಜನರಿರಲಿಲ್ಲ; ಚರ್ಚುಗಳ ಬಳಿ ಇದ್ದರು. ಮುಂದೆ ಇದಕ್ಕೆ 'ತಾತ್ಕಾಲಿಕ ತುರ್ತು ಆಹಾರ ನೆರವು ಕಾರ್ಯಕ್ರಮ' ಎಂಬ ಹೆಸರಾಯಿತು. 1990ರಲ್ಲಿ ಹೆಸರಿನಿಂದ 'ತಾತ್ಕಾಲಿಕ' ಎಂಬ ಪದವನ್ನು ತೆಗೆದುಹಾಕಲಾಯಿತು. ತುರ್ತು ಎಂದುಕೊಂಡದ್ದು ನಿತ್ಯದ್ದಾಯಿತೆಂದು ಒಪ್ಪಿಕೊಂಡಂತೆಯೇ ಅದು.

ಸರ್ಕಾರದ ದಿನಸಿಯ ಜೊತೆ ನಿಯಮಗಳೂ ಬಂದವು. ಇಂಥ ಸಭಾಂಗಣಗಳಲ್ಲಿ ತಾರತಮ್ಯ ಮಾಡುವುದಿಲ್ಲವೆಂದು ಸಾರುವ ಭಿತ್ತಿಪತ್ರ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಇರಬೇಕು. ಫ್ರಿಜ್‌ನ ಬಾಗಿಲಿಗೆ ತೂಗುಹಾಕಿದ ಹಾಳೆಯಲ್ಲಿ ಉಷ್ಣಾಂಶ ಬರೆದಿಡಬೇಕು. ಮೊದಲು ಬಂದ ಡಬ್ಬಿ ಮೊದಲು ಹೋಗಬೇಕು. ಒಂದು ಡಬ್ಬಿಯನ್ನೂ ಮಾರುವಂತಿಲ್ಲ. ದಿನಸಿ ಪಡೆಯಲು ಪ್ರಾರ್ಥನೆಯಲ್ಲಿ ಕೂರಲೇಬೇಕೆಂದು ಹೇಳುವಂತಿಲ್ಲ. ಸಣ್ಣ ಚರ್ಚುಗಳಿಗೆ ಈ ಕಾಗದದ ಕೆಲಸ ನಿಜಕ್ಕೂ ಭಾರ. ಆಹಾರ ಬ್ಯಾಂಕಿನ ಸಿಬ್ಬಂದಿ ಬಂದು ತರಬೇತಿ ಕೊಟ್ಟು, ತಪಾಸಣೆ ಮಾಡಿ, ಆ ಭಾರದ ಒಂದು ಪಾಲನ್ನು ಹೊರುತ್ತಾರೆ. ಚರ್ಚಿಗೆ ತನ್ನ ಬೀದಿಯ ಜನರ ಮುಖಪರಿಚಯವಿದೆ, ಸಂಸ್ಥೆಗೆ ದಾಸ್ತಾನಿನ ಶಿಸ್ತು ಗೊತ್ತಿದೆ. ಒಬ್ಬರಿಗೆ ಇಲ್ಲದ್ದು ಇನ್ನೊಬ್ಬರಲ್ಲಿರುವುದರಿಂದಲೇ ಈ ಜೋಡಿ ಇಷ್ಟು ಕಾಲ ಬಾಳಿದೆ.

1996ರಲ್ಲಿ ಲೆಕ್ಕಾಚಾರ ಬದಲಾಯಿತು. ಕಲ್ಯಾಣ ಯೋಜನೆಗಳನ್ನು ಸುಧಾರಿಸಿದ ಕಾನೂನಿನಲ್ಲಿ 'ಚಾರಿಟಬಲ್ ಚಾಯ್ಸ್' ಎಂಬ ಅಂಶ ಸೇರಿತು. ಅದರಂತೆ ಚರ್ಚ್ ಗೋಡೆಯ ಮೇಲಿನ ಶಿಲುಬೆಯನ್ನು ತೆಗೆಯದೆ ಸಾರ್ವಜನಿಕ ಹಣಕ್ಕೆ ಅರ್ಜಿ ಹಾಕಬಹುದಿತ್ತು. ತನ್ನ ಮತದವರನ್ನೇ ನೇಮಿಸಿಕೊಳ್ಳುವ ಹಕ್ಕು ಉಳಿಯಿತು. ಆ ಹಣವನ್ನು ಆರಾಧನೆಗೂ ಮತಪ್ರಚಾರಕ್ಕೂ ಬಳಸುವಂತಿರಲಿಲ್ಲ. ಚರ್ಚಿನ ನೆರವು ಒಲ್ಲದವರಿಗೆ ಬೇರೆಡೆ ವ್ಯವಸ್ಥೆ ಮಾಡುವ ಹೊಣೆ ಸರ್ಕಾರದ್ದಾಗಿತ್ತು. 2001ರಲ್ಲಿ ಶ್ವೇತಭವನದಲ್ಲೇ ಇದಕ್ಕೊಂದು ಕಚೇರಿ ತೆರೆಯಿತು. ಹಳೆಯ ಗೋಡೆ ಇದ್ದ ಜಾಗದಲ್ಲಿ ಈಗ ನಿಯಮಗಳ ಗೆರೆ ಉಳಿಯಿತು.

ಗೆರೆ ಮಾತ್ರ ಒಂದೇ ಕಡೆ ನಿಲ್ಲಲಿಲ್ಲ. 2010ರ ಅಧ್ಯಕ್ಷೀಯ ಆದೇಶದ ಪ್ರಕಾರ ನೆರವು ಪಡೆಯುವವರಿಗೆ ಅವರ ಹಕ್ಕುಗಳನ್ನು ಬರಹದಲ್ಲಿ ತಿಳಿಸಬೇಕಿತ್ತು, ಆಕ್ಷೇಪವಿದ್ದರೆ ಬೇರೆ ಸಂಸ್ಥೆಯ ದಾರಿ ತೋರಿಸಬೇಕಿತ್ತು. 2018ರ ಆದೇಶ ಮತ್ತು 2020ರ ನಿಯಮಗಳು ಇವನ್ನು ಸಡಿಲಿಸಿದವು. 2024ರಲ್ಲಿ ಬರಹದ ತಿಳಿವಳಿಕೆ ಪತ್ರ ಮರಳಿ ಬಂತು. 2021ರಲ್ಲಿ ಫಿಲಡೆಲ್ಫಿಯಾ ನಗರದ ಪ್ರಕರಣದಲ್ಲಿ, ಸಲಿಂಗ ದಂಪತಿಗಳನ್ನು ಸಾಕುಪೋಷಕರೆಂದು ಪ್ರಮಾಣೀಕರಿಸಲು ಒಲ್ಲದ ಕ್ಯಾಥೊಲಿಕ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಆದರೆ ಅದು ಆ ಒಪ್ಪಂದದ ಮಾತುಗಳಿಗೆ ಅಂಟಿಕೊಂಡ ತೀರ್ಪಾದ್ದರಿಂದ ದೊಡ್ಡ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಎಲ್ಲ ಕಲಾಪಗಳಲ್ಲಿ ಸಂಸ್ಥೆಗಳ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ವಾದ ನಡೆದಿದೆ. ತಿಳಿವಳಿಕೆ ಪತ್ರವನ್ನು ಕೈಯಲ್ಲಿ ಹಿಡಿದು, ಬೇರೆ ಕಡೆ ಹೋಗಲು ಬಸ್ಸಿಲ್ಲದೆ ನಿಂತವರ ಬಗ್ಗೆ ನಡೆದದ್ದು ಕಡಿಮೆ.

ಇಷ್ಟರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗುತ್ತಿದೆ. ಸದಸ್ಯರು ಕಡಿಮೆಯಾಗಿ ಚರ್ಚುಗಳು ಬಾಗಿಲು ಮುಚ್ಚುತ್ತಿವೆ, ಕಟ್ಟಡಗಳು ಮಾರಾಟವಾಗುತ್ತಿವೆ. ನೆಲಮಾಳಿಗೆಯಲ್ಲಿದ್ದ ದಿನಸಿ ಕೋಣೆಗೆ ಬಾಡಿಗೆ ಎಂಬುದು ಎಂದೂ ಇರಲಿಲ್ಲ, ಆದ್ದರಿಂದ ಯಾವ ಲೆಕ್ಕದಲ್ಲೂ ಅದು ಕಾಣಿಸಿಕೊಂಡಿಲ್ಲ. ಹೊಸ ಜಾಗ ಹುಡುಕಲು ಹೊರಟ ದಿನ ಆ ಅಂಕಿ ಮೊದಲ ಸಲ ಕಾಗದದ ಮೇಲೆ ಬರುತ್ತದೆ. ಅದನ್ನು ತುಂಬಿಕೊಡುವವರು ಯಾರೆಂದು 1996ರ ಕಾನೂನಿನಲ್ಲಾಗಲಿ, ನಂತರದ ಆದೇಶಗಳಲ್ಲಾಗಲಿ ಬರೆದಿಲ್ಲ.