ಓದುಗರ ಪ್ರಶ್ನೆ: ನಕ್ಷೆಯ ಮಜೆಂಟಾ ಗೆರೆ ಹಿಡಿದು ಹೋದರೆ ದೋಣಿ ತಳ ತಾಗುವುದಿಲ್ಲವಲ್ಲ?

ಪ್ರಶ್ನೆ: ಚಳಿಗಾಲ ಫ್ಲೋರಿಡಾದಲ್ಲಿ ಕಳೆದಾಯಿತು. ನಾವು ಗಂಡ ಹೆಂಡತಿ ಇಬ್ಬರೇ ನಮ್ಮ 36 ಅಡಿಯ ಹಾಯಿದೋಣಿಯಲ್ಲಿ ಸೇಂಟ್ ಆಗಸ್ಟೀನ್‌ನಿಂದ ವರ್ಜೀನಿಯಾದ ನಾರ್ಫೋಕ್‌ಗೆ, ಮನೆಗೆ, ಮರಳಬೇಕು. ದೋಣಿ ತೇಲಲು 5 ಅಡಿ ನೀರು ಬೇಕು. ಕೂವೆಮರದ ತುದಿ ನೀರಿನಿಂದ 58 ಅಡಿ. ಕಡಲಿಗೆ ಇಳಿಯದೆ ಒಳ ಜಲಮಾರ್ಗದಲ್ಲೇ ಬಂದರೆ ಎಷ್ಟು ದಿನ ಹಿಡಿಯುತ್ತದೆ? ನಕ್ಷೆಯಲ್ಲಿರುವ ಮಜೆಂಟಾ ಗೆರೆಯನ್ನು ಆಟೋಪೈಲಟ್‌ಗೆ ಒಪ್ಪಿಸಿದರೆ ಸಾಕಲ್ಲವೇ?

ಉತ್ತರ: ದಿನದ ಲೆಕ್ಕ ಬೇಗ ಮುಗಿಯುತ್ತದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಪೂರ್ವ ಕರಾವಳಿಯ ಒಳಗಿನ ನದಿ, ಕಾಲುವೆಗಳನ್ನು ಸೇರಿಸಿ ಮಾಡಿದ ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ಜಲಮಾರ್ಗದ ಸೊನ್ನೆ ಮೈಲಿ ಇರುವುದು ನಾರ್ಫೋಕ್‌ನಲ್ಲಿ. ಸೇಂಟ್ ಆಗಸ್ಟೀನ್ 778ನೇ ಮೈಲಿ. ಇವು ನೆಲದ ಮೈಲಿಗಳು, ಕಡಲ ಮೈಲಿಗಳಲ್ಲ. 6 ನಾಟ್ ವೇಗದ ದೋಣಿ ಗಂಟೆಗೆ ಸುಮಾರು 6.9 ನೆಲದ ಮೈಲಿ ಹೋಗುತ್ತದೆ. ಸೇತುವೆ ತೆರೆಯಲು ಕಾಯುವುದು, ಎದುರು ಸೆಳೆತ ಎಲ್ಲ ಕಳೆದು ದಿನಕ್ಕೆ 8 ಗಂಟೆಯಲ್ಲಿ 45ರಿಂದ 50 ಮೈಲಿ ಸಾಗಿದರೆ ಚೆನ್ನಾಗಿ ಸಾಗಿದಿರಿ ಎಂದರ್ಥ. ಅಲ್ಲಿಗೆ ನಡೆಯುವ ದಿನಗಳೇ 16-17. ಗಾಳಿಗೆ ನಿಲ್ಲುವ ದಿನ, ಉಬ್ಬರಕ್ಕೆ ಕಾಯುವ ಬೆಳಗು, ಡೀಸೆಲ್, ದಿನಸಿ, ಬಟ್ಟೆ ಒಗೆಯುವ ದಿನ ಸೇರಿಸಿ ನಾಲ್ಕು ವಾರ ಇಟ್ಟುಕೊಳ್ಳಿ. ಹರಿಕೇನ್ ಋತು ಜೂನ್ 1ಕ್ಕೆ ಶುರು, ಆ ಹೊತ್ತಿಗೆ ದೋಣಿ ಉತ್ತರದಲ್ಲಿರಬೇಕು ಎಂದು ಹಲವು ವಿಮೆ ಕರಾರುಗಳೇ ಹೇಳುತ್ತವೆ. ಏಪ್ರಿಲ್ ಮೂರನೇ ವಾರ ಹೊರಟರೆ ಧಾವಂತವಿರುವುದಿಲ್ಲ.

ಹೆಸರು ಹಾಯಿದೋಣಿ, ಓಟ ಬಹುಪಾಲು ಇಂಜಿನ್ನಿನದು. ಸುಮಾರು 120 ಗಂಟೆ. ಗಂಟೆಗೆ ಮುಕ್ಕಾಲು ಗ್ಯಾಲನ್‌ನಂತೆ 90 ಗ್ಯಾಲನ್, ಅಂದರೆ 340 ಲೀಟರ್ ಡೀಸೆಲ್. ನಿಮ್ಮ ಇಂಜಿನ್ 100 ಗಂಟೆಗೊಮ್ಮೆ ಆಯಿಲ್ ಕೇಳುವಂಥದಾದರೆ ದಾರಿಯಲ್ಲೇ ಬದಲಿಸಬೇಕಾಗುತ್ತದೆ. ಆಯಿಲ್, ಫಿಲ್ಟರ್, ಒಂದು ಬೆಲ್ಟ್, ಎರಡು ಇಂಪೆಲ್ಲರ್ (ಇಂಜಿನ್ ತಂಪುಮಾಡುವ ನೀರೆತ್ತುವ ರಬ್ಬರ್ ಚಕ್ರ) ದೋಣಿಯಲ್ಲಿರಲಿ. ಮನಸಾರೆ ಹಾಯಿ ಬಿಚ್ಚಲು ಜಾಗ ಸಿಗುವುದು ಉತ್ತರ ಕೆರೊಲಿನಾದ ನೂಸ್ ನದಿ, ಪಾಮ್ಲಿಕೊ ನದಿ, ಆಲ್ಬಮಾರ್ಲ್ ಸೌಂಡ್‌ನಂಥ (ಸೌಂಡ್ ಎಂದರೆ ಕಡಲಂಚಿನ ಹಿನ್ನೀರು) ಅಗಲ ನೀರಿನಲ್ಲಿ.

ಇನ್ನು ಆ ಗೆರೆ. ದೋಣಿಯ ಉದ್ದ ಬದಲಾಗುತ್ತದೆ, ಹೊರಡುವ ಊರು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಪ್ರತಿ ವಸಂತದಲ್ಲೂ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ: ಸಾಲದು. ಮಜೆಂಟಾ ಗೆರೆ ಆಳದ ಗುರುತಲ್ಲ. "ಜಲಮಾರ್ಗ ಈ ಕಡೆ ಹೋಗುತ್ತದೆ, ಈ ಕವಲಿಗೆ ತಿರುಗಬೇಡ, ಆ ಕವಲಿಗೆ ತಿರುಗು" ಎಂದು ತೋರಿಸುವ ಕೈಮರ ಅದು. ಕೈಮರ ಊರಿನ ದಿಕ್ಕು ಹೇಳುತ್ತದೆ, ರಸ್ತೆಯಲ್ಲಿ ಗುಂಡಿ ಎಲ್ಲಿದೆ ಎಂದು ಹೇಳುವುದಿಲ್ಲ.

ಈ ಗೆರೆ ನಕ್ಷೆಗೆ ಬಂದದ್ದು ಕಳೆದ ಶತಮಾನದಲ್ಲಿ. ಆಮೇಲೆ ದಶಕಗಟ್ಟಲೆ ಅದನ್ನು ಯಾರೂ ಸರಿಯಾಗಿ ಪರಿಷ್ಕರಿಸಲಿಲ್ಲ. ನೀರು ತನ್ನ ದಾರಿ ಬದಲಿಸಿತು, ಮರಳು ಸರಿಯಿತು, ಗೆರೆ ಅಲ್ಲೇ ಉಳಿಯಿತು. ಕೆಲವೆಡೆ ಅದು ದಿಬ್ಬದ ಮೇಲೆ ಹಾದಿತ್ತು, ಕೆಲವೆಡೆ ಗುರುತುಗಂಬದ ತಪ್ಪು ಮಗ್ಗುಲಲ್ಲಿತ್ತು, ಒಣನೆಲದ ಮೇಲೂ ಹೋಗಿತ್ತು. ಅಮೆರಿಕದ ಸಮುದ್ರ ನಕ್ಷೆಗಳನ್ನು ಹೊರತರುವ ಸರಕಾರಿ ಸಂಸ್ಥೆ ನೋವಾ, 2013ರಲ್ಲಿ ಹೊಸ ನಕ್ಷೆಗಳಿಂದ ಗೆರೆಯನ್ನೇ ತೆಗೆಯಲು ಹೊರಟಿತು. ದೋಣಿಯವರು ಬೇಡವೆಂದು ಕೇಳಿಕೊಂಡ ಮೇಲೆ 2014ರಲ್ಲಿ, ಉಳಿಸಿಕೊಂಡು ತಿದ್ದುತ್ತೇವೆ, ಆದರೆ ಇದು ದಿಕ್ಕು ತೋರಿಸಲು ಮಾತ್ರ ಎಂದು ಹೇಳಿತು. ಗೆರೆ ಎಳೆಯುವವರೇ ಇಷ್ಟು ಬಿಡಿಸಿ ಹೇಳಿರುವಾಗ ಅದರ ಮೇಲೆ ಕಣ್ಣು ಮುಚ್ಚಿ ದೋಣಿ ಬಿಡುವುದೇಕೆ?

"ಈಗ ತಿದ್ದಿದ್ದಾರಲ್ಲ" ಎನ್ನುವವರಿಗೆ ಕಡಲ ತೀರದ ನಮ್ಮದೇ ಊರುಗಳ ನೆನಪು ಸಾಕು. ಮಂಗಳೂರಿನ, ಗಂಗೊಳ್ಳಿಯ ಅಳಿವೆ ಬಾಗಿಲಲ್ಲಿ ಹೂಳು ತುಂಬಿ ಮೀನುಗಾರಿಕೆ ಬೋಟುಗಳು ತಾಗುವ ಸುದ್ದಿ ಓದದವರು ಯಾರು? ಹೂಳೆತ್ತುತ್ತಾರೆ, ಮತ್ತೆ ತುಂಬುತ್ತದೆ. ಇಲ್ಲಿ ಆಗುವುದೂ ಅದೇ. ಈ ಜಲಮಾರ್ಗ ಹತ್ತಾರು ಅಳಿವೆಗಳ ಬೆನ್ನಿಗೆ ಹಾದುಹೋಗುತ್ತದೆ. ಉಬ್ಬರದ ನೀರು ಕಿರಿದಾದ ಅಳಿವೆಯಿಂದ ಮರಳು ಹೊತ್ತು ರಭಸದಿಂದ ಒಳಗೆ ನುಗ್ಗುತ್ತದೆ. ಒಳಗಿನ ಅಗಲ ನೀರಿಗೆ ಬಂದೊಡನೆ ವೇಗ ಕಳೆದುಕೊಂಡು ಹೊತ್ತದ್ದನ್ನು ಅಲ್ಲೇ ಚೆಲ್ಲುತ್ತದೆ, ಸರಿಯಾಗಿ ನಿಮ್ಮ ದಾರಿಗೆ ಅಡ್ಡವಾಗಿ. ಉತ್ತರ ಕೆರೊಲಿನಾದ ಲಾಕ್‌ವುಡ್ಸ್ ಫಾಲಿ (321ನೇ ಮೈಲಿ), ಶಲೋಟ್ (330ನೇ ಮೈಲಿ) ಅಳಿವೆಗಳ ದಾಟು ಇದಕ್ಕೆ ಹೆಸರುವಾಸಿ. ಒಂದು ಬಿರುಗಾಳಿ ಸಾಕು, ದಿಬ್ಬ ಸರಿಯಲು. ಕೋಸ್ಟ್ ಗಾರ್ಡ್‌ನವರು ಬಂದು ತೇಲುಗುರುತನ್ನು ಹೊಸ ಆಳದ ಕಡೆ ಸರಿಸುತ್ತಾರೆ, ಬೇಕಾದರೆ 47ಎ ಎಂಬಂತೆ ಅಕ್ಷರ ಸೇರಿಸಿ ಹೊಸದೊಂದನ್ನು ಬಿಡುತ್ತಾರೆ. ನಿಮ್ಮ ಪ್ಲಾಟರ್‌ನಲ್ಲಿ (ದೋಣಿ ಎಲ್ಲಿದೆಯೆಂದು ನಕ್ಷೆಯ ಮೇಲೆ ತೋರಿಸುವ ಪರದೆ) ಹೋದ ವರ್ಷ ತುಂಬಿಸಿದ ನಕ್ಷೆಗೆ ಇದಾವುದೂ ಗೊತ್ತಿಲ್ಲ. ಗೆರೆ ಒಂದು ಕಡೆ, ಕಣ್ಣೆದುರಿನ ಗುರುತು ಇನ್ನೊಂದು ಕಡೆ ಇದ್ದರೆ ಗುರುತನ್ನು ನಂಬಬೇಕು. ಇದರಲ್ಲಿ ಎರಡು ಮಾತಿಲ್ಲ.

ಜಾರ್ಜಿಯಾದಲ್ಲಿ ಕಾರಣ ಬೇರೆ. ಎರಡು ಸೌಂಡ್‌ಗಳನ್ನು ಸೇರಿಸುವ ಸಣ್ಣ ತೊರೆಗಳಲ್ಲಿ ಉಬ್ಬರ ಎರಡೂ ತುದಿಯಿಂದ ಒಳಗೆ ಬಂದು ನಡುವೆ ಎದುರುಬದುರಾಗಿ ನಿಲ್ಲುತ್ತದೆ. ನಿಂತ ನೀರಿನಲ್ಲಿ ಕೆಸರು ಇಳಿಯುತ್ತದೆ. ಹೆಲ್ ಗೇಟ್ (602), ಲಿಟಲ್ ಮಡ್ ರಿವರ್ (655ರ ಆಸುಪಾಸು), ಜೆಕಿಲ್ ಕ್ರೀಕ್ (683ರ ಆಸುಪಾಸು) ಎಂಬ ಹೆಸರುಗಳನ್ನು ಇಲ್ಲಿ ಓಡಾಡುವವರೆಲ್ಲ ಬಾಯಿಪಾಠ ಮಾಡಿರುತ್ತಾರೆ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: "ನಾರ್ಫೋಕ್‌ನಿಂದ ಫೋರ್ಟ್ ಪಿಯರ್ಸ್‌ವರೆಗೆ ಆಳ 12 ಅಡಿ ಎಂದು ಬರೆದಿದೆಯಲ್ಲ?" ಬರೆದಿರುವುದು ಮಂಜೂರಾದ ಆಳ. ಇಷ್ಟು ಆಳ ಕಾಯ್ದುಕೊಳ್ಳಲು ಸೇನೆಯ ಇಂಜಿನಿಯರ್ ದಳಕ್ಕೆ ಅನುಮತಿ ಇದೆ ಎಂದಷ್ಟೇ ಅದರ ಅರ್ಥ. ಹೂಳೆತ್ತಲು ಹಣ ಬಂದ ವರ್ಷ 12 ಅಡಿ, ಬಾರದ ವರ್ಷ ಕೆಲವೆಡೆ ನಾಲ್ಕೋ ಐದೋ. ಮತ್ತೆ, "ನಮ್ಮ ಗೆಳೆಯರು ಗೆರೆ ಹಿಡಿದೇ ಬಂದರು, ಏನೂ ಆಗಲಿಲ್ಲ" ಎನ್ನುವವರು ಎರಡು ವಿಷಯ ಕೇಳಿ ತಿಳಿದುಕೊಳ್ಳಲಿ: ಅವರ ದೋಣಿಗೆ ಎಷ್ಟು ನೀರು ಬೇಕಿತ್ತು? ಆ ಜಾಗ ದಾಟಿದ್ದು ಉಬ್ಬರದ ಯಾವ ಗಂಟೆಯಲ್ಲಿ? ಮೂರಡಿ ನೀರು ಸಾಕಾಗುವ ಕ್ಯಾಟಮರಾನ್ (ಎರಡು ಒಡಲಿನ ದೋಣಿ) ತುಂಬು ಉಬ್ಬರದಲ್ಲಿ ದಾಟಿದರೆ ಗೆರೆ ಎಲ್ಲಿದ್ದರೂ ಒಂದೇ.

ಹಾಗಾದರೆ ಮಾಡಬೇಕಾದ್ದೇನು? ಹಿಂದಿನ ರಾತ್ರಿ ಮರುದಿನದ 50 ಮೈಲಿಯನ್ನು ಇಬ್ಬರೂ ಕೂತು ನೋಡಿ. ಇಂಜಿನಿಯರ್ ದಳ ಆಳ ಅಳೆದು ಬಿಡುಗಡೆ ಮಾಡುವ ಸರ್ವೆಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ; ಬಣ್ಣಬಣ್ಣವಾಗಿರುವ ಆ ಚಿತ್ರದಲ್ಲಿ ಸರ್ವೆಯ ತಾರೀಖನ್ನು ಮೊದಲು ನೋಡಬೇಕು. ಕೋಸ್ಟ್ ಗಾರ್ಡ್‌ನ ಸೂಚನೆಗಳಲ್ಲಿ ಸರಿಸಿದ ಗುರುತುಗಳ ಪಟ್ಟಿ ಇರುತ್ತದೆ. ಆಮೇಲೆ ಉಬ್ಬರದ ಲೆಕ್ಕ. ನಕ್ಷೆಯ ಆಳವನ್ನು ಅಳೆಯುವುದು ಸರಾಸರಿ ತಳ ಇಳಿತದಿಂದ, ಸೇತುವೆಯ ಎತ್ತರವನ್ನು ಅಳೆಯುವುದು ಸರಾಸರಿ ಉಬ್ಬರದಿಂದ. ಸೊನ್ನೆ ಎರಡಿವೆ, ಬೆರೆಸಬೇಡಿ.

ಜಾರ್ಜಿಯಾದಲ್ಲಿ ಉಬ್ಬರ-ಇಳಿತದ ಅಂತರ 7ರಿಂದ 9 ಅಡಿ. 8 ಅಡಿ ಎಂದಿಟ್ಟುಕೊಂಡರೆ, ಇಳಿತದ ತಳ ಮುಟ್ಟಿದ ಮೇಲೆ ಆರು ಗಂಟೆಯಲ್ಲಿ ನೀರು ಏರುವ ಬಗೆ ಹೀಗೆ: ಮೊದಲ ಗಂಟೆ 8 ಅಂಗುಲ, ಎರಡನೆಯದು 16, ಮೂರು ಮತ್ತು ನಾಲ್ಕನೆಯದು ತಲಾ 24, ಐದು 16, ಆರು 8. ಹನ್ನೆರಡರ ಸೂತ್ರ ಎನ್ನುವುದು ಇದನ್ನೇ. ಸರ್ವೆಯಲ್ಲಿ 4 ಅಡಿ ಕಂಡ ಜಾಗಕ್ಕೆ ನೀವು ಮೂರು ಗಂಟೆ ಕಳೆದು ಬಂದರೆ 4 ಅಡಿ ಏರಿರುತ್ತದೆ, ಒಟ್ಟು 8. ನಿಮ್ಮ 5 ಕಳೆದರೆ ಕೀಲ್ (ದೋಣಿಯ ತಳದಲ್ಲಿ ಚಾಚಿದ ರೆಕ್ಕೆ) ಕೆಳಗೆ 3 ಅಡಿ. ಇನ್ನೂ ಏರುತ್ತಲೇ ಇರುವ ನೀರಾದ್ದರಿಂದ ತಾಗಿದರೂ ಅದೇ ಎತ್ತಿ ಬಿಡುತ್ತದೆ. ಅದೇ 8 ಅಡಿಯನ್ನು ಇಳಿಯುವ ನೀರಿನಲ್ಲಿ ನೆಚ್ಚಿಕೊಂಡರೆ ಕಥೆ ಬೇರೆ: ಮೂರನೇ, ನಾಲ್ಕನೇ ಗಂಟೆಯಲ್ಲಿ ಪ್ರತಿ ಐದು ನಿಮಿಷಕ್ಕೆ 2 ಅಂಗುಲ ಇಳಿಯುತ್ತದೆ. ತಾಗಿದ ಐದು ನಿಮಿಷ ಇಬ್ಬರೂ ವಾದ ಮಾಡಿದರೆ ದೋಣಿ ಮುಂದಿನ ಉಬ್ಬರದವರೆಗೆ ಅಲ್ಲೇ, ಮಗ್ಗುಲಿಗೆ ವಾಲಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ; ಇವತ್ತು ಹೊಂದದಿದ್ದರೆ ಎರಡು ದಿನ ನಿಂತರೆ ಹೊಂದುತ್ತದೆ. ಅದಕ್ಕೇ ನಾಲ್ಕು ವಾರ ಎಂದದ್ದು.

ಅಳಿವೆ ದಾಟುವಾಗ ಹಿಂದೆ ತಿರುಗಿ ನೋಡುವುದು ಮುಂದೆ ನೋಡುವಷ್ಟೇ ಮುಖ್ಯ. ಮೂತಿ ಮುಂದಿನ ಗುರುತಿಗೇ ನೇರವಾಗಿದ್ದರೂ ಅಡ್ಡ ಸೆಳೆತ ದೋಣಿಯನ್ನು ಬದಿಗೆ ಒಯ್ಯುತ್ತಿರುತ್ತದೆ. ಹಿಂದಿನ ಗುರುತು, ದೋಣಿ, ಮುಂದಿನ ಗುರುತು ಒಂದೇ ಸಾಲಿನಲ್ಲಿವೆಯೇ ಎಂದು ನೋಡಿದರೆ ಮಾತ್ರ ಅದು ತಿಳಿಯುತ್ತದೆ. ತಿರುವುಗಳಲ್ಲಿ ನಮ್ಮ ಹೊಳೆಗಳ ನಿಯಮವೇ: ಹೊರಮಗ್ಗುಲು ಆಳ, ಒಳಮಗ್ಗುಲು ಮರಳು. ಇಂಥ ಕಡೆ ಆಟೋಪೈಲಟ್ ಬಂದ್ ಮಾಡಿ, ವೇಗ 3-4 ನಾಟ್‌ಗೆ ಇಳಿಸಿ, ಒಬ್ಬರು ಚುಕ್ಕಾಣಿ, ಒಬ್ಬರು ಆಳಮಾಪಕ ಮತ್ತು ನಕ್ಷೆ. ಎರಡು ಗಂಟೆಗೊಮ್ಮೆ ಅದಲುಬದಲಾಗಿ. ಯಾವಾಗಲೂ ಗಂಡನೇ ಚುಕ್ಕಾಣಿ, ಹೆಂಡತಿಯೇ ಹಗ್ಗ ಎಂಬ ಏರ್ಪಾಡಿನಲ್ಲಿ ಒಬ್ಬರಿಗೆ ಜ್ವರ ಬಂದರೆ ಪ್ರಯಾಣವೇ ನಿಲ್ಲುತ್ತದೆ.

ಇಷ್ಟಾದರೂ ತಾಗಿದರೆ ಇಂಜಿನ್ ಜೋರು ಮಾಡಿ ಮುಂದಕ್ಕೆ ನುಗ್ಗಬೇಡಿ, ಇನ್ನಷ್ಟು ಹೂತುಕೊಳ್ಳುತ್ತದೆ. ನ್ಯೂಟ್ರಲ್‌ಗೆ ತನ್ನಿ, ಒಳಗೆ ನೀರು ಬರುತ್ತಿದೆಯೇ ನೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಆಗದಿದ್ದರೆ ಬೂಮ್ (ಹಾಯಿಯ ಕೆಳಗಿನ ಅಡ್ಡಗಂಬ) ಹೊರಚಾಚಿ ಒಬ್ಬರು ಆ ಬದಿಗೆ ಭಾರ ಹಾಕಿ ದೋಣಿಯನ್ನು ವಾಲಿಸಿದರೆ ಕೀಲ್ ಒಂದಿಷ್ಟು ಮೇಲೇಳುತ್ತದೆ. ನೀರು ಇಳಿಯುತ್ತಿದ್ದರೆ ರಬ್ಬರ್ ದೋಣಿಯಲ್ಲಿ ಲಂಗರು ಒಯ್ದು ಆಳದ ಕಡೆ ಹಾಕಿಬನ್ನಿ, ವಾಲುವ ಮಗ್ಗುಲಿನ ಕಿಟಕಿ, ವಾಲ್ವ್ ಮುಚ್ಚಿ. ಬಿಡಿಸಿಕೊಂಡ ಮೇಲೆ ಮರೆಯುವುದು ಒಂದಿದೆ: ತಳ ಕಲಕಿದಾಗ ಇಂಜಿನ್ ತಂಪುಮಾಡುವ ನೀರಿನ ಜತೆ ಮರಳು ಒಳಗೆ ಹೋಗಿರುತ್ತದೆ. ನೀರು ಸೋಸುವ ಸ್ಟ್ರೇನರ್ ಬಿಚ್ಚಿ ತೊಳೆಯಿರಿ, ಇಂಪೆಲ್ಲರ್ ನೋಡಿ. ಅದರ ಎಸಳು ಮುರಿದಿದ್ದರೆ ಚೂರುಗಳನ್ನು ಹುಡುಕಿ ತೆಗೆಯಲೇಬೇಕು, ಇಲ್ಲವಾದರೆ ಇಂಜಿನ್ನಿನ ಬಿಸಿ ಕಳೆಯುವ ಹೀಟ್ ಎಕ್ಸ್‌ಚೇಂಜರ್‌ನ ಬಾಯಿಗೆ ಸಿಕ್ಕಿ ಎರಡು ದಿನದ ನಂತರ ಇಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಗುರುತಿನ ಬಣ್ಣ: ನೀವು ಉತ್ತರಕ್ಕೆ ಹೋಗುವವರು, ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಆದರೆ ಕೇಪ್ ಫಿಯರ್ ನದಿಯಲ್ಲಿ, ಸೌತ್‌ಪೋರ್ಟ್‌ನಿಂದ ಸ್ನೋಸ್ ಕಟ್‌ವರೆಗೆ, ಬಂದರಿನ ಗುರುತುಗಳ ಲೆಕ್ಕ ನಡೆಯುವುದರಿಂದ ಕೆಂಪು ಬಲಕ್ಕೆ ಬರುತ್ತದೆ. ಗಾಬರಿ ಬೇಡ. ಜಲಮಾರ್ಗದ ಗುರುತುಗಳ ಮೇಲೆ ಸಣ್ಣ ಹಳದಿ ಚಿಹ್ನೆ ಇರುತ್ತದೆ: ಉತ್ತರಕ್ಕೆ ಹೋಗುವಾಗ ಹಳದಿ ತ್ರಿಕೋನ ಎಡಕ್ಕೆ, ಹಳದಿ ಚೌಕ ಬಲಕ್ಕೆ. ಕಂಬದ ಬಣ್ಣ ಏನೇ ಇರಲಿ, ಇದು ಬದಲಾಗುವುದಿಲ್ಲ.

ಸೇತುವೆಗಳ ಬಗ್ಗೆ ನಿಮಗೆ ಚಿಂತೆ ಕಡಿಮೆ. ನಿಮ್ಮ ದಾರಿಯ ಎತ್ತರದ ಸ್ಥಿರ ಸೇತುವೆಗಳು 65 ಅಡಿಯವು. 126ನೇ ಮೈಲಿಯ ಹತ್ತಿರದ ವಿಲ್ಕರ್ಸನ್ ಸೇತುವೆ ಮಾತ್ರ 64. 58ಕ್ಕೆ ಆಂಟೆನಾದ ಮೂರಡಿ ಸೇರಿಸಿದರೂ ಹಾಯುತ್ತದೆ. ತೆರೆಯುವ ಸೇತುವೆಯವರನ್ನು ಕರೆಯಲು ಫ್ಲೋರಿಡಾ, ಜಾರ್ಜಿಯಾ, ದಕ್ಷಿಣ ಕೆರೊಲಿನಾಗಳಲ್ಲಿ ರೇಡಿಯೊ ಚಾನೆಲ್ 9, ಉತ್ತರ ಕೆರೊಲಿನಾ ಮತ್ತು ವರ್ಜೀನಿಯಾದಲ್ಲಿ 13. ಆಲ್ಬಮಾರ್ಲ್, ಪಾಮ್ಲಿಕೊ ಕಡೆ ಚಂದ್ರನ ಉಬ್ಬರ ಇಲ್ಲವೆನ್ನುವಷ್ಟು ಕಡಿಮೆ, ನೀರನ್ನು ಏರಿಸಿ ಇಳಿಸುವುದು ಗಾಳಿ. ಉಬ್ಬರದ ಪಟ್ಟಿ ಅಲ್ಲಿ ಕೆಲಸಕ್ಕೆ ಬಾರದು, ಹಿಂದಿನ ಎರಡು ದಿನ ಗಾಳಿ ಎತ್ತಲಿಂದ ಬೀಸಿತು ಎಂಬುದು ಬೇಕು.

ನೀವು ಕೇಳದ, ಆದರೆ ಊರು ಮುಟ್ಟಿದ ಮರುದಿನವೇ ಕೇಳುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ: ಬಿಳಿ ದೋಣಿಯ ಮೂತಿಗೆ ಮೀಸೆಯಂತೆ ಹತ್ತುವ ಕಂದು ಕಲೆ. ಅದು ಇಂಜಿನ್ ಎಣ್ಣೆಯಲ್ಲ, ಪಾಚಿಯೂ ಅಲ್ಲ. ದಕ್ಷಿಣ ಕೆರೊಲಿನಾದ ವಾಕಮಾ ನದಿ, ಉತ್ತರ ಕೆರೊಲಿನಾದ ಜೌಗು ಕಾಲುವೆಗಳ ನೀರು ಚಹಾದ ಬಣ್ಣದ್ದು. ಮರದ ಎಲೆ, ತೊಗಟೆ ಕೊಳೆತು ಬಿಟ್ಟ ಟ್ಯಾನಿನ್ ಅದರಲ್ಲಿದೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಏನಾಗುತ್ತದೆಂದು ಗೊತ್ತು. ಸೋಪು, ಬ್ಲೀಚು ಹಾಕಿ ಉಜ್ಜಿ ಸುಸ್ತಾಗಬೇಡಿ. ಆಕ್ಸಾಲಿಕ್ ಆಮ್ಲವಿರುವ ಹಲ್ ಕ್ಲೀನರ್ ತನ್ನಿ. ಕೈಗವಸು, ಕನ್ನಡಕ ಹಾಕಿ, ಮೊದಲು ಸುತ್ತಲಿನ ಭಾಗವನ್ನೆಲ್ಲ ನೀರಿನಿಂದ ತೋಯಿಸಿ, ಕಲೆಯ ಮೇಲೆ ಬ್ರಷ್‌ನಿಂದ ಹಚ್ಚಿ ಹತ್ತು ನಿಮಿಷ ಬಿಡಿ. ಉಜ್ಜುವ ಮೊದಲೇ ಕರಗಿರುತ್ತದೆ. ಲಂಗರಿನ ಸತುವು ಲೇಪಿಸಿದ ಸರಪಳಿಗೆ ತಾಗದಂತೆ ನೋಡಿಕೊಳ್ಳಿ. ಧಾರಾಳ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಮೇಣ ಹಚ್ಚಿ. ದಾರಿ ನಡುವೆ ತೊಳೆಯುವುದು ದಂಡ, ಮರುದಿನದ ಕಾಲುವೆಯಲ್ಲಿ ಮತ್ತೆ ಹತ್ತುತ್ತದೆ. ಗ್ರೇಟ್ ಬ್ರಿಜ್ ಲಾಕ್ (ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಬಾಗಿಲು) ದಾಟಿ ಉಪ್ಪುನೀರಿಗೆ ಬಂದ ಮೇಲೆ ಮಾಡಿ. ಅಲ್ಲಿಂದ ನಾರ್ಫೋಕ್‌ಗೆ ಉಳಿಯುವುದು ಹನ್ನೆರಡು ಮೈಲಿಗೂ ಕಡಿಮೆ.