ಅಜ್ಜಿಗೊಂದು ಕೆಲಸ ಬೇಕು

ಮುಂಬೈಯ ಯಾವುದಾದರೂ ಹೊಸ ಹೌಸಿಂಗ್ ಸೊಸೈಟಿಯಲ್ಲಿ ಸಂಜೆ ಹೊತ್ತು ಕೆಳಗೆ ಇಳಿದು ನೋಡಿ. ಒಂದು ಕಡೆ ಜಾರುಬಂಡೆ, ಉಯ್ಯಾಲೆ, ಮಕ್ಕಳ ಗದ್ದಲ. ಇನ್ನೊಂದು ಮೂಲೆಯಲ್ಲಿ ‘ಜ್ಯೇಷ್ಠ ನಾಗರಿಕ ಕಟ್ಟಾ’ ಎಂಬ ಬೋರ್ಡು, ಅದರ ಕೆಳಗೆ ಬೆಂಚುಗಳಲ್ಲಿ ಹಿರಿಯರು. ನಗರದ ನಾನಾ-ನಾನಿ ಪಾರ್ಕ್‌ಗಳೂ ಹಿರಿಯರಿಗೆಂದೇ ಬಿಟ್ಟ ಜಾಗಗಳು. ಎಲ್ಲವೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಚೆಂಡು ಬಂದು ಬಡಿಯಬಾರದು, ಮೊಣಕಾಲು ನೋವಿನವರು ನೆಮ್ಮದಿಯಾಗಿ ಕೂರಬೇಕು. ಆದರೆ ಏಳು ವರ್ಷದವರೂ ಎಪ್ಪತ್ತು ವರ್ಷದವರೂ ಸೇರಿ ಏನಾದರೂ ಮಾಡುವ ಜಾಗ ಎಲ್ಲಿದೆ?

ಮುಂಬೈಯ ಹಳೆಯ ಸಾಲುಮನೆಗಳಾದ ಚಾಳುಗಳಲ್ಲಿ ಅದು ತಾನಾಗಿಯೇ ಆಗುತ್ತಿತ್ತು. ಮಹಡಿಗೆ ಒಂದೇ ಉದ್ದನೆಯ ಗ್ಯಾಲರಿ. ಅಲ್ಲಿ ಕೂತು ಅಕ್ಕಿ ಆರಿಸುವ ಅಜ್ಜಿಯನ್ನು ದಾಟದೆ ಯಾವ ಮಗುವೂ ಮೆಟ್ಟಿಲು ಇಳಿಯುವಂತಿರಲಿಲ್ಲ. ಟವರುಗಳಲ್ಲಿ ಬಾಗಿಲು ಮುಚ್ಚಿದರೆ ಮುಗೀತು. ಹಾಗಾಗಿ ಈಗ ಇವರಿಬ್ಬರ ಭೇಟಿಯನ್ನು ಬೇಕೆಂದೇ ಏರ್ಪಡಿಸಬೇಕಾಗಿದೆ. ಹೀಗೆ ಏರ್ಪಡಿಸಿದ ಊರುಗಳಿವೆ. ಅದರಿಂದ ಏನಾಯಿತು ಅಂತ ಅಳೆದು ನೋಡಿದ ವಿಜ್ಞಾನಿಗಳೂ ಇದ್ದಾರೆ.

ಅಮೆರಿಕದ ಬಾಲ್ಟಿಮೋರ್ ನಗರದ ‘ಎಕ್ಸ್‌ಪೀರಿಯನ್ಸ್ ಕೋರ್’ ಇವುಗಳಲ್ಲಿ ದೊಡ್ಡದು. 60 ದಾಟಿದವರು ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗುತ್ತಿದ್ದರು. ಚಿಕ್ಕ ಮಕ್ಕಳಿಗೆ ಓದಲು ನೆರವಾಗುವುದು, ಲೈಬ್ರರಿ ನೋಡಿಕೊಳ್ಳುವುದು, ಜಗಳ ಬಿಡಿಸುವುದು ಅವರ ಕೆಲಸ. ಸುಮ್ನೆ ಹೋಗಿ ಬರುವುದಲ್ಲ. ಮೊದಲು ತರಬೇತಿ, ಆಮೇಲೆ ವಾರಕ್ಕೆ 15 ಗಂಟೆ, ಇಡೀ ಶಾಲಾ ವರ್ಷ. ವೃದ್ಧರ ಆರೋಗ್ಯದ ತಜ್ಞೆ ಲಿಂಡಾ ಫ್ರೀಡ್ ಮತ್ತು ಅವರ ಜೊತೆಗಾರರು ಇದನ್ನು ಆರೋಗ್ಯ ಯೋಜನೆಯಾಗಿಯೇ ರೂಪಿಸಿದ್ದರು. ‘ದಿನಾ ನಡೆಯಿರಿ, ಮಿದುಳಿಗೆ ಕೆಲಸ ಕೊಡಿ, ಜನರೊಂದಿಗೆ ಬೆರೆಯಿರಿ’ ಎಂದು ಡಾಕ್ಟರು ಹೇಳಿದರೆ ಎಷ್ಟು ಜನ ಕೇಳುತ್ತಾರೆ? ಆದರೆ ‘ಎರಡನೇ ಕ್ಲಾಸಿನ ಹುಡುಗ ಕಾಯ್ತಿದ್ದಾನೆ’ ಅಂದರೆ ಬೆಳಗ್ಗೆ ಎದ್ದು ಹೊರಟೇಬಿಡುತ್ತಾರೆ. ಆ ಮೂರೂ ಮದ್ದು ಒಂದೇ ಕೆಲಸದಲ್ಲಿ ಅಡಗಿದೆ.

ಆಮೇಲೆ 702 ಹಿರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ದೊಡ್ಡ ಪ್ರಯೋಗ ನಡೆಸಿದರು. ಒಂದು ಗುಂಪು ಶಾಲೆಗೆ ಹೋಯಿತು, ಇನ್ನೊಂದು ಹೋಗಲಿಲ್ಲ. ಅವರಲ್ಲಿ 111 ಜನರ ಮಿದುಳಿನ ಸ್ಕ್ಯಾನಿಂಗ್ ಕೂಡ ಆಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲದ್ದು. ವಯಸ್ಸಾದಂತೆ ಮಿದುಳು ಸ್ವಲ್ಪಸ್ವಲ್ಪವೇ ಕುಗ್ಗುವುದು ಸಹಜ. ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗವೂ ಕುಗ್ಗುತ್ತದೆ. ಎರಡು ವರ್ಷ ಶಾಲೆಗೆ ಹೋದ ಗಂಡಸರಲ್ಲಿ ಆ ಕುಗ್ಗುವಿಕೆ ನಿಂತಿತ್ತು, ಗಾತ್ರ ಕೊಂಚ ಹೆಚ್ಚಿಯೂ ಇತ್ತು. ಹೆಂಗಸರಲ್ಲಿ ಪರಿಣಾಮ ಅಷ್ಟು ಎದ್ದು ಕಾಣಲಿಲ್ಲ. 111 ಸಣ್ಣ ಸಂಖ್ಯೆಯೇ, ಸರಿ. ಇದರಿಂದ ಮರೆವಿನ ಕಾಯಿಲೆ ಬರುವುದೇ ಇಲ್ಲ ಅನ್ನುವಂತಿಲ್ಲ. ಆದರೂ ನಿವೃತ್ತಿಯಾದ ಮೇಲೆ ಟಿವಿ ರಿಮೋಟ್ ಹಿಡಿದು ಕೂತ ನಮ್ಮ ಅಪ್ಪಂದಿರನ್ನು ನೋಡುವಾಗ ಈ ಗಂಡಸರ ಫಲಿತಾಂಶ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಜಪಾನಿನಲ್ಲೂ ಇಂಥದೇ ಒಂದು ಯೋಜನೆ 2004ರಲ್ಲಿ ಶುರುವಾಯಿತು. ಹೆಸರು ‘ರಿಪ್ರಿಂಟ್ಸ್’. ಹಿರಿಯರು ಮೊದಲು ತಿಂಗಳುಗಟ್ಟಲೆ ಕಲಿಯುತ್ತಾರೆ. ಯಾವ ವಯಸ್ಸಿನ ಮಗುವಿಗೆ ಯಾವ ಚಿತ್ರಪುಸ್ತಕ ಆರಿಸಬೇಕು, ದನಿ ಹೇಗೆ ಏರಿಳಿಸಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆಮೇಲೆ ತಂಡ ಕಟ್ಟಿಕೊಂಡು ಶಿಶುವಿಹಾರಗಳಿಗೆ, ಶಾಲೆಗಳಿಗೆ ಹೋಗಿ ಓದಿ ಹೇಳುತ್ತಾರೆ. ಆರು ವರ್ಷದ ನಂತರ ನೋಡಿದಾಗ, ಓದುತ್ತಿದ್ದವರ ಹಿಪ್ಪೊಕ್ಯಾಂಪಸ್ ಉಳಿದವರಷ್ಟು ಕುಗ್ಗಿರಲಿಲ್ಲ.

ಕಥೆ ಓದುವುದರಲ್ಲಿ ಮಿದುಳಿಗೆ ಅಷ್ಟೇನು ಕೆಲಸ ಅಂತ ಕೇಳಬಹುದು. ಮುಂಬೈ ಬಳಿಯ ಡೊಂಬಿವಲಿ ಕಡೆಯ ಒಂದು ಭಾನುವಾರದ ಕನ್ನಡ ಕ್ಲಾಸಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕುಂದಾಪುರ ಕಡೆಯ ಒಬ್ಬ ಅಜ್ಜಿ, ಎದುರಿಗೆ ಎಂಟರ ಆಸುಪಾಸಿನ ಹುಡುಗಿ. ಪುಸ್ತಕದಲ್ಲಿ ಬಾವಿಯ ಚಿತ್ರ. ‘ನೀರು ಹೇಗೆ ತೆಗೀತಾರೆ ಹೇಳು ಮಗಾ’ ಎಂದರು ಅಜ್ಜಿ. ‘ಮೋಟರ್ ಹಾಕ್ತಾರೆ’ ಎಂದಳು ಹುಡುಗಿ. ಅಜ್ಜಿ ಎದ್ದು ನಿಂತರು. ಇಲ್ಲದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ತೋರಿಸಿದರು, ರಾಟೆ ಕಿರುಗುಟ್ಟುವ ಸದ್ದನ್ನೂ ಬಾಯಲ್ಲೇ ಮಾಡಿದರು. ‘ಹಗ್ಗ ಕಟ್ ಆದ್ರೆ?’ ‘ಕೊಡಪಾನ ಬಾವಿಗೆ ಬೀಳ್ತದೆ.’ ‘ಮತ್ತೆ?’ ಅಜ್ಜಿ ಪಾತಾಳಗರಡಿಯ ಸುದ್ದಿ ತೆಗೆದರು. ಹತ್ತಾರು ಕೊಕ್ಕೆಗಳ ಆ ಕಬ್ಬಿಣದ ಗೊಂಚಲನ್ನು ಹುಡುಗಿ ಅವರ ಮಾತು ಕೇಳುತ್ತಲೇ ನೋಟ್‌ಬುಕ್ಕಿನಲ್ಲಿ ಬಿಡಿಸಿದಳು. ಅಜ್ಜಿ ಎರಡು ಸಲ ತಿದ್ದಿದರು. ಪುಸ್ತಕದ ಮುಂದಿನ ಪುಟ ಆ ದಿನ ತಿರುಗಲೇ ಇಲ್ಲ.

ಆ ಹೊತ್ತಿನಲ್ಲಿ ಅಜ್ಜಿ ಮಾಡಿದ ಕೆಲಸ ನೋಡಿ. ಹಳೆಯ ನೆನಪು ಹೆಕ್ಕಿದರು. ಅದನ್ನು ಮಗುವಿಗೆ ತಿಳಿಯುವ ಮಾತಿಗೆ ಇಳಿಸಿದರು. ಅವಳ ಮುಖ ನೋಡಿ ಅರ್ಥವಾಯಿತೋ ಇಲ್ಲವೋ ಅಂತ ಅಳೆದರು, ಆಗದಿದ್ದರೆ ದಾರಿ ಬದಲಿಸಿದರು. ಹೀಗೆ ಯೋಜಿಸಿ, ತಡೆದು, ತಿದ್ದಿಕೊಳ್ಳುವ ಕೆಲಸವನ್ನು ಮಾಡುವುದು ಮಿದುಳಿನ ಮುಂಭಾಗ. ವಯಸ್ಸಾದಂತೆ ಬೇಗ ಸೊರಗುವುದೂ ಅದೇ. ಇನ್ನೊಂದು ಕಡೆ, ಶಬ್ದಸಂಪತ್ತು ತಡವಾಗಿ ತುತ್ತತುದಿ ಮುಟ್ಟುತ್ತದೆ. ಸಾವಿರಾರು ಜನರ ಪರೀಕ್ಷೆಗಳನ್ನು ನೋಡಿದ 2015ರ ಒಂದು ಅಧ್ಯಯನದಲ್ಲಿ ಅದು 65 ದಾಟಿದವರಲ್ಲೂ ಏರುತ್ತಲೇ ಇತ್ತು. ನಿಧಾನ ಜಾಸ್ತಿ, ಮಾತಿನ ಭಂಡಾರವೂ ಜಾಸ್ತಿ. ಭಾಷೆ ಕಲಿಯುವ ಮಗುವಿಗೆ ಇಂಥವರೇ ಬೇಕು, ಅಲ್ವಾ?

ಮಗುವಿಗೆ ಆದ ಲಾಭವೂ ಆ ಪ್ರಶ್ನೆಗಳಲ್ಲೇ ಇದೆ. ದೊಡ್ಡವರು ಓದುತ್ತಾ ಹೋಗಿ ಮಗು ಕೇಳುತ್ತಾ ಕೂತರೆ ಸಾಲದು. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಪುಟಾಣಿಗಳ ತಂದೆತಾಯಂದಿರಿಗೆ, ಓದುವಾಗ ‘ಇದೇನು, ಮುಂದೇನಾಗುತ್ತೆ’ ಅಂತ ಕೇಳಿ ಮಗುವಿನಿಂದಲೇ ಕಥೆ ಹೇಳಿಸಲು ಕಲಿಸಿತು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು.

ಇಷ್ಟೇ ಆಗಿದ್ದರೆ ಇದನ್ನು ಒಳ್ಳೆಯ ಟ್ಯೂಷನ್ ಅನ್ನಬಹುದಿತ್ತು. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಬೆಲ್ಜಿಯಂನಲ್ಲಿ 7ರಿಂದ 16 ವರ್ಷದ 1,151 ಮಕ್ಕಳನ್ನು ಮುದುಕರ ಬಗ್ಗೆ ಏನನಿಸುತ್ತದೆ ಎಂದು ಕೇಳಿದರು. ಅಜ್ಜ-ಅಜ್ಜಿಯ ಒಡನಾಟದಲ್ಲಿ ಖುಷಿಯಿದ್ದ ಮಕ್ಕಳಲ್ಲಿ ತಾತ್ಸಾರ ಕಡಿಮೆ. ಎಷ್ಟು ಸಲ ಭೇಟಿಯಾಗುತ್ತಾರೆ ಎಂಬುದಕ್ಕಿಂತ ಭೇಟಿ ಹೇಗಿರುತ್ತದೆ ಎಂಬುದೇ ಹೆಚ್ಚು ತೂಕದ್ದಾಗಿತ್ತು. ಇದನ್ನು ಬೆಕಾ ಲೆವಿ ಎಂಬ ಸಂಶೋಧಕಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದ ಒಹಾಯೊ ರಾಜ್ಯದ ಒಂದು ಪಟ್ಟಣದಲ್ಲಿ 50 ದಾಟಿದ 660 ಜನರನ್ನು ಬಹಳ ವರ್ಷ ಹಿಂಬಾಲಿಸಿದ ಲೆಕ್ಕ ಅದು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಮುಪ್ಪಿನ ಬಗೆಗಿನ ಭಾವನೆ ಮೂಡಲು ಶುರುವಾಗುವುದು ಚಿಕ್ಕಂದಿನಲ್ಲೇ. ಇವತ್ತು ‘ಮುದುಕರಿಗೆ ಏನೂ ಗೊತ್ತಾಗಲ್ಲ’ ಎಂದು ಕಲಿತ ಮಗು ಆ ಮಾತನ್ನು ಅರವತ್ತು ವರ್ಷ ಹೊತ್ತು ತಂದು ತನಗೇ ಅಂಟಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ವಯಸ್ಸಿನ ತಾತ್ಸಾರ ಕಳೆಯಲು ಮೂರು ದಾರಿ ಸೂಚಿಸಿತು: ಕಾನೂನು, ಶಿಕ್ಷಣ ಮತ್ತು ತಲೆಮಾರುಗಳ ಒಡನಾಟ.

ಹಾಗಾದರೆ ಶಾಲೆಗಳಲ್ಲಿ ‘ಗ್ರ್ಯಾಂಡ್‌ಪೇರೆಂಟ್ಸ್ ಡೇ’ ಮಾಡ್ತಾರಲ್ಲ, ಸಾಲದೇ? ಸಾಲದು. ಅಲ್ಲಿ ಮಕ್ಕಳು ಕುಣಿಯುತ್ತಾರೆ, ಹಿರಿಯರು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ, ಗುಲಾಬಿ ಹಿಡಿದು ಮನೆಗೆ ಬರುತ್ತಾರೆ. ಅವರನ್ನು ಯಾರೂ ಏನೂ ಕೇಳಲಿಲ್ಲ, ಅವರಿಂದ ಯಾರಿಗೂ ಏನೂ ಬೇಕಾಗಲಿಲ್ಲ. ಮಕ್ಕಳ ಕಣ್ಣಿಗೆ ಹಿರಿಯರೆಂದರೆ ಕೂತಿರುವವರು ಎಂದೇ ಉಳಿಯುತ್ತದೆ. 1954ರಲ್ಲೇ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಬರೆದಿದ್ದರು: ಎರಡು ಗುಂಪುಗಳ ನಡುವಿನ ತಪ್ಪು ಕಲ್ಪನೆ ಕರಗಬೇಕಾದರೆ ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಇಬ್ಬರೂ ಕೈಜೋಡಿಸಿ ಮಾಡುವ ಕೆಲಸ ಇರಬೇಕು, ಸಂಸ್ಥೆಯ ಬೆಂಬಲವೂ ಬೇಕು.

ಮರೆವು ಶುರುವಾದವರಿಗೆ ಕೆಲಸ ಕೊಡುವುದು ಹೇಗೆ? ಅವರಿಗೂ ಕೊಡಬಹುದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 2000ದಲ್ಲಿ ಶುರುವಾದ ಇಂಟರ್‌ಜನರೇಷನಲ್ ಸ್ಕೂಲ್ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಆರಂಭದ ಹಂತದ ಮರೆವು ಇರುವವರೂ ಮಕ್ಕಳ ಜೊತೆ ಕೂತು ಓದುತ್ತಾರೆ. ಬೆಳಗ್ಗೆ ಏನು ತಿಂದೆ ಎಂಬುದು ಮರೆತುಹೋದರೂ ಗಟ್ಟಿಯಾಗಿ ಓದುವ ಶಕ್ತಿ ಎಷ್ಟೋ ಕಾಲ ಉಳಿಯುತ್ತದೆ. ಅದು ಕೈಗೆ ಬಂದ ಅಭ್ಯಾಸದ ನೆನಪು, ನಿನ್ನೆ ಮೊನ್ನೆಯ ಘಟನೆಗಳ ನೆನಪಿನ ದಾರಿಯೇ ಬೇರೆ.

ಕೆಲಸ ಎಂದರೆ ಕಲಿಸುವುದೇ ಆಗಬೇಕೆಂದಿಲ್ಲ. ಮುಂಬೈಯ ಪಕ್ಕದ ಠಾಣೆ ಜಿಲ್ಲೆಯ ಫಾಂಗಣೆ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ‘ಆಜೀಬಾಯಿಂಚಿ ಶಾಳಾ’, ಅಂದರೆ ಅಜ್ಜಿಯರ ಶಾಲೆ, ಶುರುವಾಯಿತು. ಗುಲಾಬಿ ಸೀರೆಯುಟ್ಟ ಅಜ್ಜಿಯರು ಪಾಟಿಚೀಲ ಹಿಡಿದು ಹೋಗಿ ಅಕ್ಷರ ಕಲಿತರು. ಮನೆಯಲ್ಲಿ ಹೋಂವರ್ಕ್ ಮಾಡಿಸಲು ಮೊಮ್ಮಕ್ಕಳು. ಕಲಿಸುವವರು ಯಾರೇ ಆಗಲಿ, ಇನ್ನೊಬ್ಬರಿಗೆ ಬೇಕಾದದ್ದು ಅವರ ಬಳಿ ಇರಬೇಕು, ಅಷ್ಟೆ.

ಮುಂಬೈ ಕನ್ನಡಿಗರಾದ ನಮಗೆ ಇದೆಲ್ಲ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಉಪನಗರಗಳಲ್ಲಿ ಕನ್ನಡ ಸಂಘಗಳಿವೆ, ಅವಕ್ಕೆ ಹಾಲ್‌ಗಳಿವೆ. ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಈಗ ಅಜ್ಜಂದಿರಾಗಿದ್ದಾರೆ. ಓದಿಸುವ ಹುಮ್ಮಸ್ಸು ಅವರಿಗಿಂತ ಯಾರಿಗೆ ಹೆಚ್ಚಿರುತ್ತದೆ? ಮನೆಯಲ್ಲಿ ತುಳು ಆಡುವವರೂ ಬರಲಿ, ಕಥೆ ತುಳುವಿನಲ್ಲೇ ನಡೆಯಲಿ.

ಆದರೆ ಮುಂಬೈಗೆ ಹೊಂದುವಂತೆ ಮಾಡಬೇಕು. ಮೊಣಕಾಲು ನೋವಿನ ಅಜ್ಜಿಯನ್ನು ರೈಲ್ವೆ ಸೇತುವೆ ಹತ್ತಿಸಿ, ಪೀಕ್ ಅವರ್‌ನ ಲೋಕಲ್‌ಗೆ ನೂಕುವಂತಿಲ್ಲ. ನಡೆದು ಹೋಗುವಷ್ಟು ಹತ್ತಿರವೇ ಆಗಬೇಕು. ಕೆಮ್ಮು-ಜ್ವರ ಇದ್ದ ಮಗುವಿಗೆ ಆ ವಾರ ರಜೆ. ಎಲ್ಲರೂ ಒಂದೇ ತೆರೆದ ಹಾಲಿನಲ್ಲಿ ಕೂರಬೇಕು, ಮಗುವನ್ನು ಯಾರೂ ಒಂಟಿಯಾಗಿ ಮುಚ್ಚಿದ ಕೋಣೆಗೆ ಕರೆದೊಯ್ಯಬಾರದು. ಬೇಡ ಅನ್ನುವ ಹಕ್ಕು ಇಬ್ಬರಿಗೂ ಇರಬೇಕು, ಗದ್ದಲ ಸಹಿಸಲಾಗದ ಹಿರಿಯರೂ ಇರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ಅಜ್ಜಿಗೆ ಅದೇ ಮಗು ವಾರ ವಾರವೂ ಸಿಗಬೇಕು. ವಾರಕ್ಕೊಬ್ಬರು ಬದಲಾದರೆ ಪಾತಾಳಗರಡಿಯವರೆಗೆ ಮಾತು ಹೋಗುವುದೇ ಇಲ್ಲ.

ಬಾಲ್ಟಿಮೋರಿನಲ್ಲಿ ಹಿರಿಯರಿಗೆ ಓಡಾಟದ ಖರ್ಚಿಗೆಂದು ಸ್ವಲ್ಪ ದುಡ್ಡು ಕೊಡುತ್ತಿದ್ದರು. ಬಡವರೂ ಬರಲಿ ಎಂಬುದು ಅದರ ಉದ್ದೇಶ. ನಮ್ಮ ಸಂಘಗಳು ವಾರ್ಷಿಕೋತ್ಸವದಲ್ಲಿ ಹಿರಿಯರಿಗೆ ಶಾಲು ಹೊದಿಸಲು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಮಳೆಗಾಲದ ರಿಕ್ಷಾ ಖರ್ಚಿಗೆ ಇಟ್ಟರೆ, ಜೂನ್‌ನಲ್ಲಿ ಶಾಲೆ ಶುರುವಾಗುವಾಗಲೇ ಇದನ್ನೂ ಶುರುಮಾಡಬಹುದು.